ಬಿತ್ತನೆ ಕಾಯಿ ಕಾದ ಓಬಳಿ

ಹೂಂಗುಟ್ಟೋರು ಹತ್ರ ಕೂತ್ಕೊಳ್ಳಿ, ನಿದ್ದೆ ಬರೋರು ಗೋಡೆ ಕಡೆ ಸರೀರಿ. ಹೇಳ್ತೀನಿ.

ಪಾವಗಡದ ಕಡೆ ಒಂದು ಹಳ್ಳಿ. ಅಲ್ಲಿ ಕದಿರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಓಬಳಿ. ಆಳು ಗಟ್ಟಿಮುಟ್ಟು, ಮನಸ್ಸು ಹಾಲು, ತಲೆ ಮಾತ್ರ ಖಾಲಿ ಗಡಿಗೆ. ಹೇಳಿದ್ದನ್ನ ಹೇಳಿದ ಹಂಗೇ ಮಾಡ್ತಿದ್ದ. ಅದೇ ಕಷ್ಟ!

ಕಡಲೆಕಾಯಿ ಕಿತ್ತು ಮುಗೀತು. ಹೊಲ ಬೋಳಾಯ್ತು. ಹೊಲದಾಗಿದ್ದ ಇಲಿಗಳಿಗೆ ತಿನ್ನೋಕೆ ಏನಿದೆ? ಪ್ರತಿ ವರ್ಷದ ಹಂಗೆ ಊರ ದಾರಿ ಹಿಡಿದ್ವು. ಕದಿರಮ್ಮನ ಮನೇಲಿ ಒಂದು ಮೂಟೆ ಬಿತ್ತನೆ ಕಾಯಿ ಇತ್ತು. ಅದು ಹೋದ್ರೆ ಮುಂಗಾರಿಗೆ ಬಿತ್ತೋಕೆ ಒಂದು ಕಾಳಿಲ್ಲ.

"ಲೋ ಓಬಳಿ, ಮನೇಲಿ ಎಲ್ಲಿ ತೂತು ಕಂಡ್ರೂ ಮಣ್ಣು ಮೆತ್ತಿ ಮುಚ್ಚು!" ಅಂದ್ಳು. ಅಂದು, ಊಟ ಮಾಡಿ ಒಂದು ಗಳಿಗೆ ಒರಗಿದ್ಳು.

"ಸರಿ ಅವ್ವ, ಹಂಗೇ ಮಾಡ್ತೀನಿ" ಅಂದ ಓಬಳಿ.

ಗೋಡೆ ತೂತು ಮುಚ್ಚಿದ. ಬಚ್ಚಲ ತೂಬು ಮುಚ್ಚಿದ. ಬೀಗದ ತೂತು ಮುಚ್ಚಿದ. ಬೀಸೋಕಲ್ಲಿನ ಬಾಯಿ ಮುಚ್ಚಿದ. ಜರಡಿ ತಗೊಂಡು ಒಂದೊಂದೇ ತೂತು, ಒಂದೊಂದೇ ತೂತು, ಸಾಯಂಕಾಲದ ತನಕ ಮುಚ್ಚಿದ! ಕದಿರಮ್ಮ ಕಣ್ಣು ಬಿಟ್ರೆ, ಮೂಗಿನ ಹತ್ರ ಮಣ್ಣಿನ ಉಂಡೆ ಹಿಡ್ಕೊಂಡು ಮಗ ಕೂತಿದ್ದಾನೆ!

"ಏನೋ ಇದು!"

"ಅಲ್ಲಾಡಬೇಡ ಅವ್ವ, ಇನ್ನು ಎರಡೇ ಬಾಕಿ."

"ಅಯ್ಯೋ ಮುಂಡೇದೇ! ಕಂಡ ಕಂಡ ತೂತೆಲ್ಲ ಮುಚ್ತಾರೇನೋ? ಇಲಿ ಎಲ್ಲಿಂದ ಒಳಕ್ಕೆ ಬರುತ್ತೆ ನೋಡು, ಆ ದಾರಿ ಮುಚ್ಚು!"

"ಸರಿ ಅವ್ವ, ಹಂಗೇ ಮಾಡ್ತೀನಿ."

ಮಾರನೇ ದಿನ ಕದಿರಮ್ಮ ನೀರಿಗೆ ಹೋದ್ಳು. ಓಬಳಿ ನಡುಮನೇಲಿ ಕೂತು ಕಾದ. ಒಂದು ಇಲಿ ಬಂತು. ಎಲ್ಲಿಂದ? ಮುಂಬಾಗಿಲಿಂದ! ಹೊಸ್ತಿಲು ದಾಟಿ ರಾಜನ ಹಂಗೆ ಬಂತು. ತಕ್ಷಣ ಹಿತ್ತಲಿಂದ ಕಲ್ಲು ಹೊತ್ತ, ಮಣ್ಣು ಕಲಸಿದ, ಮುಂಬಾಗಿಲಿಗೆ ಗೋಡೆ ಕಟ್ಟಿದ. ಹಿತ್ತಲ ಬಾಗಿಲಿಗೂ ಅಗಳಿ ಹಾಕಿದ.

ಕದಿರಮ್ಮ ತುಂಬಿದ ಬಿಂದಿಗೆ ಹೊತ್ತು ಬಂದ್ರೆ ಮನೆಗೆ ಬಾಗಿಲೇ ಇಲ್ಲ!

"ಓಬಳೀ! ನಮ್ಮ ಬಾಗಿಲೆಲ್ಲೋ?"

ಒಳಗಿಂದ ಓಬಳಿ, "ಯಾರದು? ಇಲಿಯಾ, ಅವ್ವನಾ?"

"ನಿಮ್ಮವ್ವ ಕಣೋ!"

"ಇಲಿನೂ ಹಂಗೇ ಹೇಳಬಹುದು!"

ಅಕ್ಕಪಕ್ಕದೋರು ಬಂದು ಕಲ್ಲು ಕಿತ್ರು. ಕದಿರಮ್ಮ ಮಗನ ಬೆನ್ನಿಗೆ ಎರಡು ಬಿಟ್ಳು. "ಕಲ್ಲೂ ಬೇಡ, ಮಣ್ಣೂ ಬೇಡ. ಇಲಿಗೆ ಒಂದೇ ಮದ್ದು. ಬೆಕ್ಕು ಸಾಕೋ, ಬೆಕ್ಕು ಸಾಕು!"

"ಸರಿ ಅವ್ವ, ಹಂಗೇ ಮಾಡ್ತೀನಿ."

ಇಲಿ ವಾಸನೆ ಹಿಡ್ಕೊಂಡು ಒಂದು ಪಟ್ಟೆ ಬೆಕ್ಕು ತಾನಾಗೇ ಮನೆಗೆ ಬಂತು. ಮೂಟೆ ಪಕ್ಕ ಹೊಂಚು ಹಾಕಿ ಕೂತೇಬಿಡ್ತು. ಓಬಳಿ ನೋಡಿದ. "ಅವ್ವ ಬೆಕ್ಕು ಸಾಕು ಅಂದಿದ್ದಾಳೆ. ಸಾಕು ಅಂದ್ಮೇಲೆ ಸಾಕು!" ಪೊರಕೆ ತಗೊಂಡು ಊರ ಕೊನೇ ಮನೆ ತನಕ ಅಟ್ಟಿಸಿಕೊಂಡು ಹೋಗಿ ಬಂದ.

"ಅಯ್ಯಯ್ಯೋ! ಸಾಕು ಅಂದ್ರೆ ಬೇಡ ಅಂತೇನೋ? ಸಾಕು ಅಂದ್ರೆ ಸಾಕು ಅಂತ!"

"ನಾನೂ ಅದನ್ನೇ ಹೇಳಿದ್ದು ಅವ್ವ, ಸಾಕು ಅಂತ."

ಕದಿರಮ್ಮ ಹಣೆ ಹಣೆ ಚಚ್ಕೊಂಡ್ಳು. "ಮನೆಗೆ ಬಂದದ್ದನ್ನ ಓಡಿಸಬಾರದು ಕಣಪ್ಪ. ಬಾ ಬಾ ಅಂತ ಕರೀಬೇಕು, ಒಂದು ಬಟ್ಟಲು ಹಾಲು ಹಾಕ್ಬೇಕು, ಬೆನ್ನು ಸವರಬೇಕು. ತಿಳೀತಾ?"

"ತಿಳೀತವ್ವ, ಹಂಗೇ ಮಾಡ್ತೀನಿ."

ಮಾರನೇ ಬೆಳಿಗ್ಗೆ ಬಂತಲ್ಲ ಒಂದು ಹೆಗ್ಗಣ! ಮರಿ ಹಂದಿ ಅಷ್ಟಿತ್ತು. "ಬಾ ಬಾ" ಅಂದ ಓಬಳಿ. ಹಾಲು ಹಾಕಿದ. ಕುಡೀತು. ಬೆನ್ನು ಸವರಿದ. ಕಚ್ತು!

ಬೆರಳಿಗೆ ಅರಿಶಿನ ಮೆತ್ತುತ್ತಾ ಕದಿರಮ್ಮನಿಗೆ ಅಳೂನೂ ಬಂತು, ನಗೂನೂ ಬಂತು. "ಹೆಗ್ಗಣಕ್ಕೆ ಹಾಲು ಇಟ್ಯಲ್ಲೋ ಕಂದಾ! ಇನ್ಮೇಲೆ ನಮ್ಮ ಕಾಯಿಗೆ ಯಾರೇ ಬಾಯಿ ಹಾಕ್ಲಿ, ಹಿಡಿ, ಚೀಲಕ್ಕೆ ತುಂಬು, ಕೆರೆ ಆಚೆ ಬಿಟ್ಟು ಬಾ!"

ಈ ಸಲ ಓಬಳಿ ಗೆದ್ದ ಕಣ್ರಪ್ಪ! ಬೋನು ಇಟ್ಟ, ಹಿಡಿದ, ಚೀಲಕ್ಕೆ ತುಂಬಿದ, ಕೆರೆ ಆಚೆ ಬಿಟ್ಟು ಬಂದ. ಮೂರು ದಿನದಲ್ಲಿ ಹತ್ತು ಇಲಿ, ಆ ಹೆಗ್ಗಣವೂ ಸೇರಿ ಹನ್ನೊಂದು. "ನನ್ನ ಮಗ ಜಾಣ ಆದ!" ಅಂತ ಕದಿರಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದ್ಳು.

ನಾಲ್ಕನೇ ದಿನ ಅವಳ ಅಣ್ಣ ಈರಲಿಂಗಪ್ಪ ಗಾಡಿ ಕಟ್ಕೊಂಡು ಬಂದ. ಮನುಷ್ಯ ಬಡಕಲು, ಮನಸ್ಸು ದೊಡ್ಡದು. ತಂಗಿ ಕಾಯಿ ಇಲಿ ಪಾಲಾಗಬಾರದು ಅಂತ ಮುಚ್ಚಳದ ತಗಡಿನ ಡ್ರಮ್ಮು ತಂದಿದ್ದ. ಕದಿರಮ್ಮ ಮನೇಲಿರಲಿಲ್ಲ. ಡ್ರಮ್ಮು ಇಳಿಸಿದ, ಮೂಟೆ ಬಾಯಿ ಬಿಚ್ಚಿದ, ಕಾಯಿ ಒಣಗಿದೆಯಾ ನೋಡೋಣ ಅಂತ ಒಂದು ಸುಲಿದು ಬಾಯಿಗೆ ಹಾಕ್ಕೊಂಡ.

ಅಷ್ಟೇ! ಹಿಂದಿನಿಂದ ತಲೆ ಮೇಲೆ ಗೋಣಿಚೀಲ ಬಿತ್ತು.

"ಅಳಿಯಾ, ನಾನು ಕಣೋ! ನಿಮ್ಮ ಮಾವ!"

"ಗೊತ್ತು ಮಾವ. ಆದ್ರೂ ಕಾಯಿ ತಿಂದ್ಯಲ್ಲ!"

ಮಾವನ ಗಾಡಿ ಮೇಲೇ ಮಾವನ್ನ ಹಾಕ್ಕೊಂಡು ಹೋಗಿ, ಕೆರೆ ಆಚೆ ಬದುವಿನ ಮೇಲೆ ಮೆತ್ತಗೆ ಬಿಟ್ಟು ಬಂದ.

ಕದಿರಮ್ಮ ಬಂದು ಗಾಡಿ ನೋಡಿದ್ಳು. "ಅಣ್ಣ ಎಲ್ಲೋ?"

"ಕೆರೆ ಆಚೆ."

"ಅಯ್ಯೋ ನನ್ನ ಹಣೆಬರವೇ! ಓಡು! ಕೆರೆ ಆಚೆ ಬಿಟ್ಟೋರಿಗೆ ಕೈಮುಗಿದು, ತಪ್ಪಾಯ್ತು ಅಂತ ಹೇಳಿ, ಮರ್ಯಾದೆಯಿಂದ ಮನೆಗೆ ಕರ್ಕೊಂಡು ಬಾ!"

"ಸರಿ ಅವ್ವ, ಹಂಗೇ ಮಾಡ್ತೀನಿ" ಅಂತ ಬೋನೂ ಚೀಲವೂ ಗಾಡಿಗೆ ಹಾಕ್ಕೊಂಡು ಹೊರಟ. ಅವಳು ಅದನ್ನ ನೋಡಲಿಲ್ಲ. ಒಂದು ಕಾಳೂ ಚೆಲ್ಲದ ಹಂಗೆ ಕಾಯಿನೆಲ್ಲ ಡ್ರಮ್ಮಿಗೆ ಸುರಿದ್ಳು, ಮುಚ್ಚಳ ಬಿಗಿದ್ಳು, ಮೇಲೊಂದು ಗುಂಡುಕಲ್ಲು ಇಟ್ಳು. ಇನ್ನು ಇಲಿ ಅಲ್ಲ, ಇಲಿಯ ತಾತ ಬಂದ್ರೂ ಮುಟ್ಟೋಕಾಗಲ್ಲ ಅಂತ ಗೋಡೆಗೊರಗಿ ಕಾಲು ಚಾಚಿದ್ಳು. ಎಷ್ಟು ದಿನ ಆಗಿತ್ತೋ ಹಂಗೆ ಕೂತು!

ಸಂಜೆ ದೀಪ ಹಚ್ಚೋ ಹೊತ್ತಿಗೆ ಗಾಡಿ ಬಂತು. ಈರಲಿಂಗಪ್ಪ ಹೊಟ್ಟೆ ಹಿಡ್ಕೊಂಡು, ಕಣ್ಣಲ್ಲಿ ನೀರು ಸುರಿಯೋ ಹಂಗೆ ನಗ್ತಾ ಕೆಳಗಿಳಿದ. "ನಾನು ಆಗ್ಲೇ ಬರ್ತಿದ್ದೆ ತಂಗೀ. ನಿನ್ನ ಮಗ ಬಿಡಲಿಲ್ಲ. ಇರು ಮಾವ, ಎಲ್ರೂ ಒಟ್ಟಿಗೆ ಹೋಗೋಣ ಅಂದ!"

"ಎಲ್ರೂ ಅಂದ್ರೆ?"

ಓಬಳಿ ಹೊಸ್ತಿಲ ಹತ್ರ ಚೀಲ ಇಳಿಸಿದ. ಪಕ್ಕದಲ್ಲಿ ಕಾಲು ತೊಳೆಯೋಕೆ ಒಂದು ಚೊಂಬು ನೀರಿಟ್ಟ. ಚೀಲದ ಬಾಯಿ ಬಿಚ್ಚಿ ಎರಡೂ ಕೈ ಮುಗಿದ. "ತಪ್ಪಾಯ್ತು, ಒಳಕ್ಕೆ ಬನ್ನಿ!"

ಬಂದ್ವು ನೋಡಿ, ಸರಸರ ಸರಸರ!

"ಹತ್ತು ಜನ ಬಂದ್ರು ಅವ್ವ" ಅಂದ ಓಬಳಿ. "ಹೆಗ್ಗಣಕ್ಕೆ ಮಾತ್ರ ಇನ್ನೂ ಕೋಪ ಇಳಿದಿಲ್ಲ. ನಾಳೆ ನೀನೇ ಬಂದು ಒಂದು ಮಾತು ಕರೀಬೇಕು."