ಸೌದೆ ಹಿಂದಿನ ಗೋಡೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಎಂಬತ್ತು ಜನ ಇದ್ದರು. ಎಂಬತ್ತು ಜನಕ್ಕೂ ಹಸಿವಾಗುತ್ತಿತ್ತು, ಅದೂ ದಿನಕ್ಕೆ ಎರಡು ಸಲ. ಈ ಸತ್ಯವನ್ನು ಅಡುಗೆಯ ಕೊಟ್ರಯ್ಯನಷ್ಟು ಆಳವಾಗಿ ಅರಿತವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಕೊಟ್ರಯ್ಯ ಅಡುಗೆ ಮಾಡಲೆಂದು ಬಂದವನಲ್ಲ. ಅವನಿಗೆ ಚಿತ್ರ ಬರೆಯುವ ಆಸೆ. ಬರುವಾಗ ಮರದ ಪೆಟ್ಟಿಗೆಯಲ್ಲಿ ಏಳು ಕುಂಚ ತಂದಿದ್ದ, ಅಳಿಲಿನ ಬಾಲದ ಕೂದಲಿನವು. ಗುರುಗಳು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಸಂತೋಷಪಟ್ಟರು. ಆಮೇಲೆ ಅಡುಗೆಮನೆ ತೋರಿಸಿದರು.

ಎರಡು ವರ್ಷ ಕಳೆಯಿತು. ಉಪ್ಪಿನ ಭರಣಿಯ ಪಕ್ಕದಲ್ಲಿದ್ದ ಪೆಟ್ಟಿಗೆ ಹೊಗೆ ಕುಡಿದು ಕಪ್ಪಾಯಿತು. ಒಳಗಿನ ಕುಂಚಗಳು ಮಾತ್ರ ಬಂದ ದಿನ ಎಷ್ಟು ಶುಭ್ರವಾಗಿದ್ದವೋ ಅಷ್ಟೇ ಶುಭ್ರವಾಗಿದ್ದವು.

ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಮುಂಗಾರಿನಲ್ಲಿ ಹೊಳೆಗೆ ಹೊಸ ನೀರು ಬಂದ ದಿನ, ಪ್ರತಿ ಶಿಷ್ಯನೂ ತನ್ನ ಕೈಯಾರೆ ಮಾಡಿದ ಏನನ್ನಾದರೂ ಗುರುಗಳ ಮುಂದಿಡಬೇಕು. ಅದು ವಹಿಸಿದ ಕೆಲಸದ ಹೊರಗಿನದಾಗಿರಬೇಕು. ಮೊದಲ ವರ್ಷ ಕೊಟ್ರಯ್ಯ ಹೋಳಿಗೆ ತಂದಿಟ್ಟ. ಗುರುಗಳು ಎರಡು ತಿಂದು, ಇದು ಲೆಕ್ಕಕ್ಕಿಲ್ಲ ಎಂದರು. ಎರಡನೆಯ ವರ್ಷ ಅವನು ಏನೂ ತರಲಿಲ್ಲ.

ಮೂರನೆಯ ವರ್ಷವೂ ಬರಿಗೈಯಲ್ಲಿ ಬಂದವನ ಸಲಕರಣೆ, ಅದನ್ನು ಬಳಸಬಲ್ಲ ಇನ್ನೊಬ್ಬ ಶಿಷ್ಯನಿಗೆ ಹೋಗುತ್ತಿತ್ತು. ಅದೂ ಕಟ್ಟಳೆಯೇ.

ಆ ಇನ್ನೊಬ್ಬ ಯಾರು ಎಂಬುದು ಕೊಟ್ರಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಹುಲುಗಪ್ಪನ ಕೆಲಸ ಹರಿಗೋಲು ನಡೆಸುವುದು. ಬೆಳಗಿನಿಂದ ಸಂಜೆಯವರೆಗೆ ಜನರನ್ನು ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಸಾಗಿಸುತ್ತಿದ್ದ. ಅದರ ನಡುವೆ ಮರದ ತುಂಡಿನಲ್ಲಿ ಹಕ್ಕಿ ಕೆತ್ತುತ್ತಿದ್ದ. ಬಕ, ಗೀಜಗ, ನೀರುಕಾಗೆ. ಕಳೆದ ಸಲ ಗುರುಗಳ ಮುಂದೆ ಹದಿನೊಂದು ಹಕ್ಕಿ ಸಾಲಾಗಿ ಇಟ್ಟಿದ್ದ. ಹನ್ನೆರಡನೆಯದನ್ನು ಕೊಟ್ರಯ್ಯನಿಗೇ ಕೊಟ್ಟಿದ್ದ. ಅದು ಮಿಂಚುಳ್ಳಿ. ಕೊಟ್ರಯ್ಯ ಅದನ್ನು ಕುಂಟುತ್ತಿದ್ದ ಮಣೆಯ ಕಾಲಿನಡಿ ಆಸರೆಗೆ ಇಟ್ಟ. ಮಣೆ ಕುಂಟುವುದು ನಿಂತಿತು. ಕೊಟ್ರಯ್ಯನಿಗೆ ಸಮಾಧಾನವಾಗಲಿಲ್ಲ.

ಒಂದು ದಿನ ಹುಲುಗಪ್ಪ ಊಟಕ್ಕೆ ಬಂದವನು ಹೊಸಿಲಲ್ಲೇ ನಿಂತ. ಒಳಗೆ ಕಾಲಿಡುವವರು ಯಾರೂ ಇರಲಿಲ್ಲ. ಕಾಲಿಟ್ಟವರ ಕೈಗೆ ಕೊಟ್ರಯ್ಯ ತೆಂಗಿನಕಾಯಿ ಕೊಟ್ಟು ತುರಿಯಲು ಕೂರಿಸುತ್ತಿದ್ದ.

"ಕೊಟ್ರಣ್ಣ, ಒಂದೇ ಒಂದು ಕುಂಚ ಕೊಡ್ತೀಯಾ? ನೀಲಿ ಬಳಿಯದಿದ್ದರೆ ಮಿಂಚುಳ್ಳಿ ಕಾಗೆಮರಿ ಥರ ಕಾಣುತ್ತೆ."

"ಕುಂಚ ನನಗೆ ಬೇಕು."

"ಯಾವಾಗ?"

ಹುಲುಗಪ್ಪ ಕುಹಕ ಅರಿಯದವನು. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದ. ಅದಕ್ಕೇ ಕೊಟ್ರಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಊಟವಾದ ಮೇಲೆ ಅವನು ನೇರವಾಗಿ ಗುರುಗಳ ಹತ್ತಿರ ಹೋದ.

"ಗುರುಗಳೇ, ನನಗೆ ಪುರುಸೊತ್ತಿಲ್ಲ."

"ಹೌದಪ್ಪ. ಎಂಬತ್ತು ಜನರ ಅಡುಗೆ," ಎಂದು ಗುರುಗಳು ನೀರು ಕುಡಿದರು. ಆಮೇಲೆ ಇನ್ನೊಂದು ಲೋಟ ಕುಡಿದರು.

"ಹುಲುಗಪ್ಪನಿಗೆ ಬೇಕಾದಷ್ಟಿದೆ."

"ಏನು?"

"ಪುರುಸೊತ್ತು. ಅವನು ಹುಟ್ಟು ಹಾಕೋದಕ್ಕಿಂತ ಕೆತ್ತೋದೇ ಹೆಚ್ಚು. ಯಾರೂ ಕೇಳೋರಿಲ್ಲ."

"ದಿನಕ್ಕೆ ಎಷ್ಟು ಸಲ ಕೆತ್ತುತ್ತಾನೆ?"

"ತುಂಬ ಸಲ."

"ತುಂಬ ಅಂದರೆ?"

ಕೊಟ್ರಯ್ಯ ಬೆರಳು ಮಡಿಸಿ ಎಣಿಸಲು ಹೊರಟು ಎರಡನೆಯದಕ್ಕೇ ನಿಲ್ಲಿಸಿದ.

"ನೋಡಿ ಬಂದು ಹೇಳು," ಎಂದರು ಗುರುಗಳು.

"ಹೇಳ್ತೀನಿ. ಸಾಕ್ಷಿ ಸಮೇತ ಹೇಳ್ತೀನಿ."

ಅಡುಗೆಮನೆಯ ಕಿಟಕಿಯಿಂದ ಹೊಳೆ ಪೂರ್ತಿ ಕಾಣುತ್ತಿತ್ತು. ಕಿಟಕಿಯ ಪಕ್ಕದ ಗೋಡೆಗೆ ವರ್ಷದ ಸೌದೆ ಒಟ್ಟಿತ್ತು. ಸೌದೆಯ ಮೇಲೆ ಒಂದು ಗೇಣು ಬಿಳಿ ಗೋಡೆ ಉಳಿದಿತ್ತು. ಒಲೆಯಲ್ಲಿ ಇದ್ದಿಲಿಗೆ ಬರವಿರಲಿಲ್ಲ. ಮಾರನೆಯ ಬೆಳಗ್ಗೆ ಹುಲುಗಪ್ಪ ಉಳಿ ಕೈಗೆತ್ತಿಕೊಂಡ ಕೂಡಲೇ ಕೊಟ್ರಯ್ಯ ಗೋಡೆಯ ಮೇಲೆ ಒಂದು ಗೀಟು ಎಳೆದ.

ಮೂರು ದಿನ ಗೀಟುಗಳಾದವು. ನಾಲ್ಕನೆಯ ದಿನ ಒಂದು ತೊಡಕು ಬಂತು. ಹುಲುಗಪ್ಪ ಕೆಲವೊಮ್ಮೆ ಸುಮ್ಮನೆ ಕೂತಿರುತ್ತಿದ್ದ, ಕೆಲವೊಮ್ಮೆ ಕೆತ್ತುತ್ತಿದ್ದ. ಎರಡಕ್ಕೂ ಒಂದೇ ಗೀಟು ಹಾಕಿದರೆ ಅದು ಅನ್ಯಾಯ. ಕೊಟ್ರಯ್ಯ ಹೊಟ್ಟೆಕಿಚ್ಚಿನ ಮನುಷ್ಯನಿರಬಹುದು, ಅನ್ಯಾಯ ಮಾಡುವವನಲ್ಲ. ಸುಮ್ಮನೆ ಕೂತಿದ್ದರೆ ನೆಟ್ಟಗಿನ ಗೀಟು, ಕೆತ್ತುತ್ತಿದ್ದರೆ ಬಾಗಿದ ಗೀಟು ಎಂದು ನಿಶ್ಚಯಿಸಿದ.

ಬಾಗಿದ್ದು ಬೆನ್ನೆಂದು ತಿಳಿಯಲು ಮೇಲೊಂದು ತಲೆ ಬೇಕಾಯಿತು. ಕೆತ್ತುತ್ತಿರುವುದು ಕೈ ಎಂದು ತಿಳಿಯಲು ಕೈ ಬೇಕಾಯಿತು.

ಮಳೆ ಬಂದಾಗ ಹುಲುಗಪ್ಪ ಹರಿಗೋಲನ್ನು ಮಗುಚಿ ತಲೆಯ ಮೇಲೆ ಹೊತ್ತು ಅದರಡಿ ನಿಲ್ಲುತ್ತಿದ್ದ. ಒಳಗೆ ಏನು ಮಾಡುತ್ತಿದ್ದನೋ ದೇವರೇ ಬಲ್ಲ. ಕಂಡದ್ದನ್ನು ಕಂಡಷ್ಟೇ ದಾಖಲಿಸಬೇಕಲ್ಲ. ಕೊಟ್ರಯ್ಯ ದೊಡ್ಡದೊಂದು ಹರಿಗೋಲು ಬರೆದು ಕೆಳಗೆ ಎರಡು ಪಾದ ಬರೆದ.

ಒಮ್ಮೆ ಆಚೆ ದಡದ ಗಂಗವ್ವನ ಆಡು ಹರಿಗೋಲು ಹತ್ತಿತು. ಆಡು ಇದ್ದಾಗ ಕೆತ್ತಲಾಗುವುದಿಲ್ಲ. ಆದ್ದರಿಂದ ಆ ಹೊತ್ತನ್ನು ಹುಲುಗಪ್ಪನ ಮೇಲೆ ಹೊರಿಸುವಂತಿಲ್ಲ. ಸಾಕ್ಷಿಗಾಗಿ ಆಡನ್ನೂ ಬರೆಯಬೇಕಾಯಿತು. ಮೊದಲನೆಯ ಸಲ ಅದು ನಾಯಿಯಂತೆ ಬಂತು. ತಪ್ಪು ಸಾಕ್ಷಿ ನಿಲ್ಲುವುದಿಲ್ಲವೆಂದು ಒರೆಸಿ ಮತ್ತೆ ಬರೆದ. ಕೋಡು ಸರಿಬರುವವರೆಗೆ ನಾಲ್ಕು ಸಲ ಬರೆದ.

ಅಕ್ಕಿ ಬೇಯುವಾಗ ನೋಡಿದ. ಬೇಳೆ ಕುದಿಯುವಾಗ ನೋಡಿದ. ಸೌದೆ ಉರಿದಂತೆ ಒಟ್ಟಿಲು ಇಳಿಯಿತು, ಒಟ್ಟಿಲು ಇಳಿದಂತೆ ಗೋಡೆ ಬಿಚ್ಚಿಕೊಂಡಿತು. ಬಿಚ್ಚಿಕೊಂಡಷ್ಟನ್ನೂ ಕೊಟ್ರಯ್ಯ ತುಂಬಿಸಿದ. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಕಂಬಳಿ ಹೊದ್ದು ಬಂದು ಬರೆದ.

ಹೀಗಿರುವಾಗ ಬೇಸಿಗೆ ಕಳೆಯಿತು. ಹೊಳೆಗೆ ಕೆಂಪು ನೀರು ಬಂತು.

ಶಿಷ್ಯರೆಲ್ಲ ತಾವು ತಾವು ಮಾಡಿದ್ದನ್ನು ಹಿಡಿದು ಆಲದ ಕಟ್ಟೆಗೆ ಹೋದರು. ಕೊಟ್ರಯ್ಯ ಹೋಗಲಿಲ್ಲ. ಒಲೆಯ ಮೇಲೆ ಎಸರಿದೆ ಎಂದು ಹೇಳಿ ಕಳಿಸಿದ. ಎಸರು ಇದ್ದದ್ದು ನಿಜ. ಕುಂಚ ಹೋಗುವುದೂ ನಿಜ. ಅವನು ಪೆಟ್ಟಿಗೆ ತೆರೆದು ಏಳನ್ನೂ ಒಂದು ಸಲ ಮುಟ್ಟಿ ನೋಡಿ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಗುರುಗಳೇ ಬಂದರು. ಹಿಂದೆ ಹುಲುಗಪ್ಪ. ಅವನ ಹಿಂದೆ, ತೆಂಗಿನಕಾಯಿಯ ಭಯ ಬಿಟ್ಟು, ಇನ್ನಷ್ಟು ಜನ.

"ಕೊಟ್ರಯ್ಯ, ಪೆಟ್ಟಿಗೆ ಕೊಡು."

ಕೊಟ್ಟ. ಹುಲುಗಪ್ಪನ ಮುಖ ನೋಡಬಾರದೆಂದು ಒಲೆಯ ಕಡೆ ತಿರುಗಿ ನಿಂತ.

ಹಿಂದಿನ ಹೆಜ್ಜೆಗಳು ಹೊರಗೆ ಹೋಗುವ ಬದಲು ಕಿಟಕಿಯ ಕಡೆ ಸರಿದವು. ಕೊಟ್ರಯ್ಯ ತಿರುಗಿ ನೋಡಿದಾಗ ಅವರೆಲ್ಲ ಗೋಡೆಯ ಮುಂದೆ ನಿಂತಿದ್ದರು.

ಸೌದೆ ಹೆಚ್ಚುಕಡಿಮೆ ತೀರಿತ್ತು. ನೆಲದಿಂದ ಸೂರಿನವರೆಗೆ ಹುಲುಗಪ್ಪ ಇದ್ದ. ಕೂತ ಹುಲುಗಪ್ಪ, ಬಾಗಿದ ಹುಲುಗಪ್ಪ, ಹುಟ್ಟು ಹಾಕುವ ಹುಲುಗಪ್ಪ, ಚಕ್ಕೆಯನ್ನು ಬಾಯಿಯಿಂದ ಊದುವ ಹುಲುಗಪ್ಪ. ಮೇಲಿನ ಸಾಲುಗಳಲ್ಲಿ ಅವನು ಕಡ್ಡಿಯಂತಿದ್ದ. ಕೆಳಕೆಳಗೆ ಬಂದಂತೆ ಮೈ ತುಂಬಿಕೊಂಡು, ಉಸಿರಾಡುವವನಂತಿದ್ದ. ಅವನ ಸುತ್ತ ನೀರಿತ್ತು.

"ಅಯ್ಯೋ, ಇದು ನಾನು!" ಎಂದ ಹುಲುಗಪ್ಪ. "ಇಗೋ, ಗಂಗವ್ವನ ಆಡು! ಅವತ್ತು ನನ್ನ ಪಂಚೆ ತಿಂತಲ್ಲ, ಅದೂ ಇದೆ ನೋಡಿ! ಕೊಟ್ರಣ್ಣ, ಕೂತಾಗ ನನ್ನ ಬೆನ್ನು ಇಷ್ಟೊಂದು ಗೂನಾಗುತ್ತಾ?"

ಕೊಟ್ರಯ್ಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅದು ಚಿತ್ರ ಅಲ್ಲ," ಎಂದ.

"ಮತ್ತೆ?" ಎಂದರು ಗುರುಗಳು.

"ದೂರು."

"ಸರಿ, ದೂರೇ ಆಗಲಿ. ದಿನಕ್ಕೆ ಎಷ್ಟು ಸಲ ಕೆತ್ತುತ್ತಾನೆ?"

ಕೊಟ್ರಯ್ಯ ಗೋಡೆಯನ್ನು ನೋಡಿದ. ಮೇಲಿನಿಂದ ಕೆಳಗೆ ನೋಡಿದ.

"ಎಣಿಸಿಲ್ಲ, ಗುರುಗಳೇ."

"ಒಂದು ದಿನವೂ?"

"ಮರೆತುಹೋಯ್ತು."

ಹುಲುಗಪ್ಪ ಬಗ್ಗಿ, ಮಣೆಯ ಕಾಲಿನ ಕೆಳಗಿದ್ದ ತನ್ನ ಮಿಂಚುಳ್ಳಿಯನ್ನು ನೋಡಿದ. ಅದು ಇನ್ನಷ್ಟು ಭದ್ರವಾಗಿ ಕೂರಲೆಂದು ಸ್ವಲ್ಪ ಒಳಗೆ ನೂಕಿದ.

ಅದನ್ನು ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. ಮಸಿಬಟ್ಟೆ ಎತ್ತಿಕೊಂಡ. ನೀರಿನಲ್ಲಿ ಅದ್ದಿದ.

"ತಪ್ಪಾಯ್ತು, ಹುಲುಗಪ್ಪ. ವರ್ಷವಿಡೀ ನಿನ್ನ ಮೇಲೆ ಕಣ್ಣಿಟ್ಟು ಹೊಟ್ಟೆ ಉರಿಸಿಕೊಂಡೆ. ಗುರುಗಳೇ, ಕುಂಚ ಅವನಿಗೇ ಕೊಡಿ. ಇದನ್ನೆಲ್ಲ ಈಗಲೇ ಒರೆಸಿಬಿಡ್ತೀನಿ."

ಗುರುಗಳು ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಉಪ್ಪಿನ ಭರಣಿಯ ಪಕ್ಕದಲ್ಲಿ ಇದ್ದಲ್ಲೇ ಇಟ್ಟರು. ಅವನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ಹಿಂಡಿ, ಗಳದ ಮೇಲೆ ಹರವಿದರು.

"ಎಂಬತ್ತು ಜನರ ಅಡುಗೆ ಇದೆ. ಒರೆಸೋದಕ್ಕೆ ನಿನಗೆ ಪುರುಸೊತ್ತು ಎಲ್ಲಿದೆಯಪ್ಪ?"