ಹಗ್ಗದ ಆಚೀಚೆಯ ಬೇವು

ಹೊಳೆದಂಡೆಯ ಮಠದ ಬಯಲಲ್ಲಿ ಮುನ್ನೂರಕ್ಕೂ ಮಿಕ್ಕಿ ಬೇವಿನ ಸಸಿಗಳು ತಾವಾಗಿಯೇ ಎದ್ದಿದ್ದವು. ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಹಿರಿಯ ಶಿಷ್ಯ ಮಡಿವಾಳಯ್ಯನನ್ನು ಕರೆದರು.

"ಎಲ್ಲಾಕ್ಕಿಂತ ಹತ್ತಿರ ಇರೋ ಎರಡು ಸಸಿ ಹುಡುಕು. ಅದರಾಗ ಒಂದನ್ನ ಕೀಳು. ಮತ್ಯಾವುದಕ್ಕೂ ಕೈ ಹಚ್ಚಬ್ಯಾಡ."

ಅಜ್ಜಾರು ಮರುದಿನ ಯಾತ್ರೆಗೆ ಹೊರಡುವವರಿದ್ದರು. ಮಠದ ಹೊಣೆ ಯಾರಿಗೆಂಬುದು ಈ ಕೆಲಸದಲ್ಲಿ ತೀರ್ಮಾನವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಒಂದೊಂದು ಸಸಿಗೂ ಉಳಿದೆಲ್ಲ ಸಸಿಗಳ ದೂರ ಅಳೆಯುತ್ತ ಕೂತರೆ ತಿಂಗಳು ಸಾಲದು. ಮಡಿವಾಳಯ್ಯ ಚುರುಕು. ತಾನು ಚುರುಕೆಂದು ಅವನಿಗೂ ಗೊತ್ತಿತ್ತು, ತೊಂದರೆ ಅದೇ. ಬಯಲಿಗೆ ಅಡ್ಡಲಾಗಿ ಮೂರು ಹಗ್ಗ ಎಳೆದು ನಾಲ್ಕು ಪಾಲು ಮಾಡಿದ. ಪಾಲಿಗೊಬ್ಬರಂತೆ ನಾಲ್ವರನ್ನು ನಿಲ್ಲಿಸಿದ.

"ಎಲ್ಲಾರೂ ಒಮ್ಮೆಲೇ ಅಳೀರಿ. ನಿಮ್ಮ ನಿಮ್ಮ ಪಾಲಿನ ಹತ್ತಿರದ ಜೋಡಿ ಹೇಳ್ರಿ. ನಾಲ್ಕರಾಗ ಸಣ್ಣದು ನಾ ಆರಿಸ್ತೀನಿ."

ಎರಡನೆಯ ಪಾಲಿನಲ್ಲಿ ಕುಂಬಾರ ಕಲ್ಲಪ್ಪನಿದ್ದ. ಅರವತ್ತು ದಾಟಿದ ಮೇಲೆ ಮಠ ಸೇರಿದವನು, ಮಾತು ನಿಧಾನ. ಅವನು ಹಗ್ಗದ ಬಳಿ ಬಗ್ಗಿ ನಿಂತ.

"ಅಯ್ನೋರ, ಇಲ್ಲಿ ಹಗ್ಗದ ಆಚೆ..."

"ನಿನ್ನ ಪಾಲು ನೀ ನೋಡು, ಕಲ್ಲಪ್ಪ. ಮಂದಿ ಪಾಲಿನಾಗ ಮೂಗು ತೂರಿಸಬ್ಯಾಡ."

ಉಳಿದವರು ನಕ್ಕರು. ಕಲ್ಲಪ್ಪ ತನ್ನ ಪಾಲಿನತ್ತ ತಿರುಗಿ ಅಳೆಯತೊಡಗಿದ.

ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ನಾಲ್ಕು ಜೋಡಿಗಳಲ್ಲಿ ಚಿಕ್ಕ ಅಂತರ ಎರಡು ಗೇಣು. ಮಡಿವಾಳಯ್ಯ ಆ ಜೋಡಿಯಲ್ಲೊಂದನ್ನು ತಾನೇ ಕಿತ್ತ.

ಸಂಜೆ ಅಜ್ಜಾರು ಬಂದರು. ಎಲ್ಲ ಕೇಳಿಸಿಕೊಂಡು, "ಹಗ್ಗ ಬಿಚ್ಚು" ಎಂದರು.

ಮಡಿವಾಳಯ್ಯ ಹಗ್ಗ ಸುತ್ತುತ್ತ ನಡೆದ. ನಡುವೆ ಒಂದು ಕಡೆ ಅವನ ಕೈ ನಿಂತಿತು. ಹಗ್ಗವಿದ್ದ ಜಾಗದ ಆಚೆಗೊಂದು ಸಸಿ, ಈಚೆಗೊಂದು ಸಸಿ. ನಡುವೆ ನಾಲ್ಕೇ ಬೆರಳು. ಬೆಳಿಗ್ಗೆ ಅವೆರಡರ ಮಧ್ಯೆ ಹಗ್ಗ ತೂರಿಸಿದವನು ಅವನೇ.

ಅವನ ಕಿವಿ ಬಿಸಿಯಾಯಿತು. ಕಿತ್ತ ಸಸಿ ಆಗಲೇ ಬಾಡಿತ್ತು. ಅದನ್ನು ನೋಡಲು ನಾಚಿಕೆಯಾಯಿತು, ಕಲ್ಲಪ್ಪನನ್ನು ನೋಡಲು ಇನ್ನೂ ಹೆಚ್ಚು ನಾಚಿಕೆಯಾಯಿತು. ಕಲ್ಲಪ್ಪ ಮಾತ್ರ ಬೇರೆ ಕಡೆ ಮುಖ ಮಾಡಿ ನಿಂತಿದ್ದ.

"ತಪ್ಪಾತ್ರಿ ಅಜ್ಜಾರ. ಪಾಲು ಮಾಡಬಾರದಿತ್ತು."

"ಪಾಲು ಮಾಡಿದ್ದಕ್ಕ ಕೆಲಸ ಒಂದು ದಿನದಾಗ ಮುಗೀತು."

"ಮಠದ ಹೊಣಿ ನನಗ ಬ್ಯಾಡ್ರಿ. ಹಗ್ಗ ಎಲ್ಲಿ ಕಟ್ಟಬೇಕು ಅನ್ನೋದ ನನಗ ತಿಳೀಲಿಲ್ಲ."

ಅಜ್ಜಾರು ಹಗ್ಗದ ಸುರುಳಿಯನ್ನು ಅವನ ಹೆಗಲಿಗೇ ಹಾಕಿದರು.

"ಎಲ್ಲಿ ಬೇಕಾದರೂ ಕಟ್ಟು. ಕಟ್ಟಿದ ಮ್ಯಾಲೆ ಕಲ್ಲಪ್ಪನ್ನ ಕರಕೊಂಡು ಹಗ್ಗದ ಗುಂಟ ಎರಡೂ ಕಡೆ ನೋಡಕೋತ ಒಮ್ಮೆ ನಡಿ."