ಹಗ್ಗ ಕಟ್ಟಿದ ಹುಲ್ಲು

ಕಾರಹುಣ್ಣಿಮೆಯ ದಿನ, ಊರಿಗೆ ಊರೇ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವುದರಲ್ಲಿ ಮುಳುಗಿದ್ದಾಗ, ಕರಿಬಸವ ಮೊದಲ ಸಲ ಮನೆ ಬಿಟ್ಟು ನಡೆದ. ಶಾಲೆಯನ್ನು ಅದಕ್ಕೂ ಮೊದಲೇ ಬಿಟ್ಟಿದ್ದ. ಆಮೇಲೆ ಅವನ ಕಾಲು ಎಲ್ಲೂ ನಿಲ್ಲಲಿಲ್ಲ. ಗಿರಣಿ, ಲಾರಿ, ಛತ್ರ, ಎಲ್ಲ ಕಡೆ ಇದ್ದು ಎಲ್ಲ ಕಡೆಯಿಂದಲೂ ಎದ್ದು ಬಂದ. ಗುರುಗಳ ಆಶ್ರಮದಲ್ಲಿ ಮಾತ್ರ ಮೂರು ವರ್ಷ ನಿಂತ. ಬಂದ ದಿನವೇ ಗುರುಗಳು, "ಬೇರು ಹಿಡಿಯುವವರೆಗೆ ಗೇಟು ದಾಟಬೇಡ, ಯಾರ ಜೊತೆಗೂ ವಾದಕ್ಕೆ ಇಳಿಯಬೇಡ" ಎಂದಿದ್ದರು. ಅವನು ಹೂಂ ಅಂದಿದ್ದ. ಕೂರು ಎಂದರೆ ಕೂತ, ಏಳು ಎಂದರೆ ಎದ್ದ.

ಒಂದು ಬೆಳಿಗ್ಗೆ ಶಿಷ್ಯರೆಲ್ಲ ಕೂತಿದ್ದಲ್ಲಿಗೆ ಬಂದ. ಕೂರಲಿಲ್ಲ. ನಿಂತೇ ಕೇಳಿದ.

"ಗುರುಗಳೇ, ನಾನು ಬೇರು ಹಿಡಿದಿದ್ದೇನೋ ಇಲ್ಲವೋ? ಹಿಡಿದಿದ್ದರೆ ನನಗೆ ಈ ಕಾವಲು ಯಾಕೆ? ಹಿಡಿದಿಲ್ಲ ಎಂದರೆ ಮೂರು ವರ್ಷ ನೀವು ಮಾಡಿದ್ದೇನು?"

ಹಿರಿಯ ಶಿಷ್ಯನೊಬ್ಬ, "ಸಾಕು, ಕೂತ್ಕೊಳ್ಳಪ್ಪಾ" ಎಂದು ಅವನ ಪಂಚೆಯ ಅಂಚು ಹಿಡಿದ. ಕರಿಬಸವ ಬಿಡಿಸಿಕೊಂಡ. ಗುರುಗಳು ಅವನನ್ನು ಗದರಲಿಲ್ಲ, ಕೂರು ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಮನೆ ಮುಂದೆ ಹಸಿರು ಇರಬೇಕೆಂಬ ಆಸೆ, ಬಿತ್ತಿ ಕಾಯುವ ತಾಳ್ಮೆ ಇಲ್ಲ. ಹುಲ್ಲು ಬೆಳೆಯುವ ಒಬ್ಬ ರೈತನಿಂದ, ಮಣ್ಣು ಸಮೇತ ಕೊಯ್ದು ಚಾಪೆಯಂತೆ ಸುತ್ತಿದ ಹುಲ್ಲನ್ನು ತರಿಸಿ, ಗೇಟಿನಿಂದ ಹೊಸ್ತಿಲವರೆಗೂ ಹಾಸಿಸಿದ. ಹೊರಡುವಾಗ ರೈತ ಹೇಳಿದ, "ಸಾಹುಕಾರರೇ, ಇದು ಬೇರು ಕತ್ತರಿಸಿಕೊಂಡು ಬಂದ ಹುಲ್ಲು. ಅಡಿಯ ಮಣ್ಣು ಒಣಗದ ಹಾಗೆ ದಿನಾ ನೀರು ಹಾಕಿ. ಸುತ್ತ ಹಗ್ಗ ಕಟ್ಟಿ, ಯಾರನ್ನೂ ಕಾಲಿಡಲು ಬಿಡಬೇಡಿ. ಬೇರು ನೆಲ ಹಿಡಿದ ಮೇಲೆ ಹಗ್ಗ ಬಿಚ್ಚಿ, ನೀರು ಕಡಿಮೆ ಮಾಡುತ್ತಾ ಬನ್ನಿ."

ವ್ಯಾಪಾರಿ ಮೊದಲಿನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೊನೆಯದು ಕಿವಿಗೆ ಬೀಳಲಿಲ್ಲ.

ಗೃಹಪ್ರವೇಶ ಬಂತು. ಹೊಸ ಮನೆಯೊಳಗೆ ಮೊದಲು ಹಸು ಹೋಗಬೇಕು. ಹುಲ್ಲು ಕಂಡ ಹಸು ಸುಮ್ಮನೆ ದಾಟುತ್ತದೆಯೇ? ವ್ಯಾಪಾರಿ ಅದನ್ನು ಹಿತ್ತಲ ಬಾಗಿಲಿಂದ ಒಳಗೆ ಹೊಡೆಸಿದ. ಅದರ ಹಿಂದೆ ಪುರೋಹಿತರು, ಪುರೋಹಿತರ ಹಿಂದೆ ನೆಂಟರು. "ಹುಲ್ಲಿಗೆ ಒಂದು ತೊಟ್ಟಿಲೂ ಕಟ್ಟಿಸಿಬಿಡು" ಎಂದು ಭಾವಮೈದುನ ನಕ್ಕ. ಹೆತ್ತ ತಾಯಿ ಮಾತ್ರ ಗೇಟಿನಲ್ಲೇ ನಿಂತಳು.

"ಮಗನ ಮನೆಗೆ ಹಿತ್ತಲಿಂದ ನುಸುಳೋಕೆ ನಾನೇನು ಬೆಕ್ಕೇನೋ? ಆ ಹಗ್ಗ ಬಿಚ್ಚಿದ ದಿನ ಕರಿ, ಬರ್ತೀನಿ."

"ಬೇರು ಇಳೀಲಿ ತಡಿಯವ್ವಾ" ಎಂದ ವ್ಯಾಪಾರಿ. ತಾಯಿ ಹಳೆಯ ಬಾಡಿಗೆ ಮನೆಗೆ ವಾಪಸು ಹೋದಳು.

ಕೆಲವು ವಾರ ಬಿಟ್ಟು ರೈತ ಮತ್ತೆ ಬಂದ. ಮೂಲೆಯ ಹುಲ್ಲನ್ನು ಹಿಡಿಯಲ್ಲಿ ಹಿಡಿದು ಮೆಲ್ಲಗೆ ಎಳೆದ. ಅದು ಮೇಲೇಳಲಿಲ್ಲ. "ನೆಲ ಹಿಡಿದಿದೆ. ಹಗ್ಗ ಬಿಚ್ಚಿ, ತಾಯಿಯವರನ್ನು ಕರೆಸಿ" ಎಂದ. ವ್ಯಾಪಾರಿಗೆ ಮನಸ್ಸು ಬರಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ತುಳಿಸುವುದುಂಟೇ? ಹಗ್ಗ ಹಾಗೇ ಉಳಿಯಿತು. ಒಂದು ಹೊತ್ತಿನ ನೀರು ಎರಡು ಹೊತ್ತಾಯಿತು. ತಾಯಿಗೆ ಕರೆ ಹೋಗಲಿಲ್ಲ. ಅವಳೂ ಬಾ ಎನ್ನದೆ ಬರುವವಳಲ್ಲ.

ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. ವಾರ ತುಂಬುವುದರೊಳಗೆ ಹುಲ್ಲು ಹಂಚಿನ ಮೇಲೆ ಹುರಿದಂತಾಯಿತು. ವ್ಯಾಪಾರಿ ರೈತನನ್ನು ಕರೆಸಿ ಜಗಳಕ್ಕೆ ನಿಂತ. ರೈತ ಕುಡುಗೋಲಿನ ತುದಿಯಿಂದ ಕೆದಕಿ ತೋರಿಸಿದ. ಬೇರು ಒಂದು ಬೆರಳಿನಷ್ಟು ಇಳಿದು ಅಲ್ಲೇ ನಿಂತಿತ್ತು. "ಬಾಯಿಗೇ ನೀರು ಬರುತ್ತಿರುವಾಗ ಅದು ಯಾಕೆ ಆಳಕ್ಕೆ ಹುಡುಕಿಕೊಂಡು ಹೋಗುತ್ತೆ, ಸಾಹುಕಾರರೇ?"

ಸುದ್ದಿ ಕೇಳಿ ತಾಯಿ ಬಂದಳು. ಹಗ್ಗ ಎತ್ತಿ, ಒಣಗಿದ ಹುಲ್ಲಿನ ನಟ್ಟನಡುವೆ ನಡೆದು ಮುಂಬಾಗಿಲಿಗೆ ಬಂದಳು.

"ಈಗಲಾದರೂ ಬರಬಹುದೇನೋ?"

ವ್ಯಾಪಾರಿ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಕರಿಬಸವನ ಎದೆಯಲ್ಲಿ ಬೆಂಕಿ ಬಿದ್ದಿತ್ತು. ಇವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತನ್ನನ್ನು ಹಗ್ಗದೊಳಗೇ ಇಟ್ಟಿದ್ದರು.

"ಹಾಗಾದರೆ ಆ ವ್ಯಾಪಾರಿ ನೀವೇ" ಎಂದ. "ನಿಮ್ಮ ಅಂಗಳ ಚೆಂದ ಕಾಣಲಿ ಅಂತ ನಾನು ಇಲ್ಲಿ ಒಣಗುವುದಿಲ್ಲ. ಇವತ್ತೇ ಗೇಟು ದಾಟುತ್ತೇನೆ."

ಗೂಟಕ್ಕೆ ನೇತುಹಾಕಿದ್ದ ಚೀಲವನ್ನು ಇಳಿಸಿದ. ಪಂಚೆ, ಹೊದಿಕೆ, ತಂಬಿಗೆ ಒಂದೊಂದಾಗಿ ತುಂಬತೊಡಗಿದ.

"ಹೋಗಬೇಡ" ಎಂದರು ಗುರುಗಳು.

"ನೀವು ಬೇಡ ಅಂದರೂ ಹೋಗುತ್ತೇನೆ."

"ಮೂರು ವರ್ಷ ಎಳೆದಾಗೆಲ್ಲ ಕೈಗೆ ಬರುತ್ತಿದ್ದೆ, ಇವತ್ತು ಬರಲಿಲ್ಲ. ಬೇರು ಹಿಡಿದಿದೆ" ಎಂದರು ಗುರುಗಳು.

ಕರಿಬಸವ ಚೀಲದ ಬಾಯಿ ಬಿಗಿದ.